ಡೋರು ಬಿಚ್ಚಿದ ಭಾನುವಾರ

ನನಗೊಂದು ಚಟವಿದೆ. ಎಲೆಯಡಿಕೆಯಲ್ಲ, ಬೀಡಿಯಲ್ಲ, ಇಸ್ಪೀಟೂ ಅಲ್ಲ. ಬಿಚ್ಚುವ ಚಟ. ಗಾಬರಿಯಾಗಬೇಡಿ, ವಸ್ತುಗಳನ್ನು. ಯಾವುದಾದರೂ ಯಂತ್ರದ ಮೈಮೇಲೆ ಒಂದು ಸ್ಕ್ರೂ ಕಂಡರೆ ಸಾಕು, ನನ್ನ ಹೆಬ್ಬೆರಳು ತೋರುಬೆರಳು ತಾವಾಗಿಯೇ ತಿರುಗತೊಡಗುತ್ತವೆ. ಒಳಗೇನಿದೆ ನೋಡೋಣ ಎಂಬ ಆಸೆ. ಒಳಗೇನಿದೆ ಎಂಬುದು ಪ್ರತಿ ಸಲವೂ ಗೊತ್ತಾಗುತ್ತದೆ. ಅದನ್ನು ಮತ್ತೆ ಒಳಗೆ ಸೇರಿಸುವುದು ಹೇಗೆ ಎಂಬುದು ಮಾತ್ರ ಐವತ್ತೆರಡು ವರ್ಷದಲ್ಲಿ ಒಂದು ಸಲವೂ ಗೊತ್ತಾಗಿಲ್ಲ. ದೇವರು ಕೆಲವರಿಗೆ ಬಿಚ್ಚುವ ಕೈ ಕೊಡುತ್ತಾನೆ, ಕೆಲವರಿಗೆ ಜೋಡಿಸುವ ಕೈ ಕೊಡುತ್ತಾನೆ. ನನಗೆ ಕೊಟ್ಟ ಎರಡೂ ಬಿಚ್ಚುವವೇ. ನಾನು ಕನ್ನಡ ಮೇಷ್ಟ್ರಾಗಿರುವ ಹೈಸ್ಕೂಲಿನಲ್ಲಿ ಒಮ್ಮೆ ಸ್ವಾತಂತ್ರ್ಯ ದಿನದ ಹಿಂದಿನ ಸಂಜೆ ಮೈಕಿನ ಪೆಟ್ಟಿಗೆಯನ್ನು ಬಿಚ್ಚಿದ್ದೆ. ಮಾರನೆಯ ದಿನ ಮುಖ್ಯ ಅತಿಥಿಗಳ ಭಾಷಣ ಒಬ್ಬರಿಗೂ ಕೇಳಿಸಲಿಲ್ಲ. ಹೆಡ್‌ಮಾಸ್ಟರು ನನ್ನನ್ನು ಕೆಂಗಣ್ಣಿನಿಂದ ನೋಡಿದರು ನಿಜ, ಆದರೆ ನಾಲ್ಕೈದು ಮಂದಿ ಸಹೋದ್ಯೋಗಿಗಳು ಸ್ಟಾಫ್ ರೂಮಿನ ಮೂಲೆಗೆ ಕರೆದು ಗುಟ್ಟಾಗಿ ಕೈ ಕುಲುಕಿದರು.

ಈಗ ಹೇಳಹೊರಟಿರುವ ಸಂಗತಿ ನಡೆಯುವುದಕ್ಕೆ ನಾಲ್ಕು ದಿನ ಮುಂಚೆ, ಒಂದು ಬುಧವಾರ ಸಂಜೆ, ನಾನು ಮನೆಯ ಗ್ರೈಂಡರನ್ನು ಬಿಚ್ಚಿದೆ. ಅದು ತಿರುಗುವಾಗ ಕರಕರ ಎಂದು ಸದ್ದು ಮಾಡುತ್ತಿತ್ತು. ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು ಜೋಡಿಸಿದ ಮೇಲೆ ಆ ಸದ್ದು ಪೂರ್ತಿ ನಿಂತುಹೋಯಿತು. ತಿರುಗುವುದೂ ನಿಂತುಹೋಯಿತು. ಗುರುವಾರ ಬೆಳಿಗ್ಗೆ ನನ್ನ ಹೆಂಡತಿ ರಾಜಮ್ಮಣ್ಣಿಯ ಮಹಿಳಾ ಸಂಘದ ಹನ್ನೊಂದು ಜನ ನಮ್ಮ ಮನೆಗೆ ದೋಸೆ ತಿನ್ನಲು ಬರುವವರಿದ್ದರು. ಅಡುಗೆಮನೆಯಲ್ಲಿ ಎರಡು ಪಾತ್ರೆ ತುಂಬ ಅಕ್ಕಿ, ಉದ್ದು ನೆನೆದು ಕೂತಿದ್ದವು. ಅವಳು ಒಂದು ಮಾತೂ ಆಡದೆ ಪಾತ್ರೆಗಳನ್ನು ಸೊಂಟಕ್ಕೆ ಏರಿಸಿಕೊಂಡು ಪಕ್ಕದ ಮನೆಗೆ ಹೋಗಿ ರುಬ್ಬಿಕೊಂಡು ಬಂದಳು. ಬಂದವರಿಗೆಲ್ಲ ದೋಸೆ ಹಾಕಿ, ನಗುನಗುತ್ತ ಕಳಿಸಿ, ಬಾಗಿಲು ಹಾಕಿಕೊಂಡಳು. ಅಲ್ಲಿಂದ ನನ್ನ ಜೊತೆ ಮಾತು ಬಂದ್.

ಮಾತು ಬಂದ್ ಎಂದರೆ ಮನೆಯಲ್ಲಿ ಮಾತೇ ಇರಲಿಲ್ಲವೆಂದಲ್ಲ. ವ್ಯಾಕರಣ ಬದಲಾಯಿತು, ಅಷ್ಟೆ. ಮಕ್ಕಳಿಗೆ ಮೂವತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ: ಮಾತಾಡುವವನು ಉತ್ತಮ ಪುರುಷ, ಎದುರಿಗೆ ಕೇಳುವವನು ಮಧ್ಯಮ ಪುರುಷ, ಅಲ್ಲಿಲ್ಲದ ಮೂರನೆಯವನು ಪ್ರಥಮ ಪುರುಷ. ಉತ್ತಮ ಪುರುಷ ನಾನು ಎಂದೂ ಆಗಿರಲಿಲ್ಲ ಬಿಡಿ; ಮಧ್ಯಮದಲ್ಲಿ ಹೇಗೋ ಕಾಲ ಹಾಕಿದ್ದೆ. ಈಗ ಎದುರಿಗೇ ಕೂತಿದ್ದರೂ ಪ್ರಥಮ ಪುರುಷನಾದೆ. "ನೀರು ಕಾದದೆ. ಯಾರಾರ ಸ್ನಾನ ಮಾಡೋರಿದ್ರೆ ಮಾಡ್ಬೋದು," ಎಂದು ಅವಳು ಬಕೆಟ್ಟಿಗೆ ಹೇಳುತ್ತಿದ್ದಳು. "ಉಪ್ಪಿಟ್ಟು ಆಗ್ಯದೆ. ತಿನ್ನೋರು ತಿನ್ಲಿ," ಎಂದು ಕಿಟಕಿಗೆ. ನಾನೇನು ಕಡಿಮೆಯವನೇ? ನನಗೂ ಸ್ವಾಭಿಮಾನವಿದೆ. "ಉಪ್ಪಿಟ್ಟಿಗೆ ಉಪ್ಪು ಸ್ವಲ್ಪ ಕಡಿಮೆ ಇದ್ದಹಾಗಿದೆ," ಎಂದು ಕ್ಯಾಲೆಂಡರಿಗೆ ಹೇಳಿದೆ. ಮಾರನೆಯ ದಿನದ ಉಪ್ಪಿಟ್ಟನ್ನು ಬಾಯಿಗೆ ಇಟ್ಟ ಮೇಲೆ ಕ್ಯಾಲೆಂಡರಿನ ಜೊತೆಗೂ ಮಾತು ಬಿಟ್ಟೆ.

ಹೀಗೆ ನಾಲ್ಕನೆಯ ದಿನಕ್ಕೆ ಕಾಲಿಟ್ಟಾಗ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಫೋನು ಬಂತು. ರಾಜಮ್ಮಣ್ಣಿಯ ತಂಗಿ ಚಿಕ್ಕತಾಯಮ್ಮನದು. ಅವಳನ್ನು ಲೊಕ್ಕನಹಳ್ಳಿಗೆ ಕೊಟ್ಟಿದೆ. ಅವಳು ಮತ್ತು ಅವಳ ಗಂಡ ರಾಚಪ್ಪ ಅಲ್ಲಿ ರೇಷ್ಮೆ ಸಾಕುತ್ತಾರೆ. ನನ್ನ ಹೆಂಡತಿ ಫೋನನ್ನು ಕಿವಿಗೆ ಹಿಡಿಯದೆ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು. ಕೇಳಿಸಿಕೊಳ್ಳುವವರು ಕೇಳಿಸಿಕೊಳ್ಳಲಿ ಎಂದು.

"ಅಕ್ಕೋ, ಉಳ ಅಣ್ಣಾಗ್ಬುಟ್ಟವೆ ಕಣಕ್ಕ!" ಎಂದು ಚಿಕ್ಕತಾಯಮ್ಮ ಕೂಗಿದಳು. "ನಾಳೀಕೆ ಆಯ್ತವೆ ಅಂತಿದ್ದೋ, ಇವತ್ತು ಒತ್ತಾರೆನೇ ಆಗ್ಬುಟ್ಟವೆ. ಚಂದ್ರಿಕೆ ಅರ್ಧಕ್ಕೂ ಸಾಲ್ದು. ಕೊಡ್ತೀವಿ ಅಂದಿದ್ದೋರು ಬ್ಯಾರೇರ್ಗೆ ಕೊಟ್ಬುಟ್ಟವ್ರೆ. ಏನಕ್ಕ ಮಾಡ್ಲಿ ನಾನು?"

ರೇಷ್ಮೆ ಕಾಣದ ಊರಿನವರಿಗಾಗಿ ಎರಡು ಮಾತು. ಹುಳು ತಿಂಗಳ ಹತ್ತಿರ ಹಗಲೂ ರಾತ್ರಿ ಸೊಪ್ಪು ತಿನ್ನುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ತಿನ್ನುವುದನ್ನು ನಿಲ್ಲಿಸಿ, ಮೈ ಹಳದಿಗಟ್ಟಿ, ತಲೆ ಎತ್ತಿ ಆಚೀಚೆ ನೋಡತೊಡಗುತ್ತದೆ, ನಿವೃತ್ತಿಗೆ ಮೂರು ತಿಂಗಳಿರುವ ನಮ್ಮ ಗುಮಾಸ್ತರ ಹಾಗೆ. ಅದಕ್ಕೆ ಹಣ್ಣಾಗುವುದು ಎನ್ನುತ್ತಾರೆ. ಹಣ್ಣಾದ ಹುಳುವನ್ನು ತಕ್ಷಣ ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಎಂದರೆ ಬಿದಿರಿನ ಚಾಪೆಯ ಮೇಲೆ ಬಿದಿರಿನದೇ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಕಟ್ಟಿದ ದೊಡ್ಡ ತಟ್ಟೆ. ಆರಡಿ ಉದ್ದ, ನಾಲ್ಕಡಿ ಅಗಲ. ಆ ಸುರುಳಿಗಳ ನಡುವೆ ಹುಳು ಗೂಡು ಕಟ್ಟುತ್ತದೆ. ಚಂದ್ರಿಕೆ ಇಲ್ಲದಿದ್ದರೆ ಅದು ಕಾಯುವುದಿಲ್ಲ. ಸೊಪ್ಪಿನ ಕಡ್ಡಿಗೆ, ಗೋಡೆಗೆ, ಪಕ್ಕದ ಹುಳುವಿನ ಬೆನ್ನಿಗೆ, ಎಲ್ಲೆಂದರಲ್ಲಿ ನೂಲು ಬಿಟ್ಟು ತಿಂಗಳ ದುಡಿಮೆಯನ್ನೆಲ್ಲ ಒಂದು ಮಧ್ಯಾಹ್ನದಲ್ಲಿ ಹಾಳುಮಾಡುತ್ತದೆ.

ನನ್ನ ದೊಡ್ಡಪ್ಪನ ಮಗ ಒಬ್ಬ ಯಳಂದೂರಿನಲ್ಲಿದ್ದಾನೆ. ರೇಷ್ಮೆ ಬಿಟ್ಟು ಅರಿಶಿನ ಹಾಕಿದ ಮೇಲೆ ಅವನ ಅಟ್ಟದಲ್ಲಿ ಇಪ್ಪತ್ತೈದು ಚಂದ್ರಿಕೆ ಸುಮ್ಮನೆ ಕೂತಿದ್ದವು. ಅದು ನನಗೂ ಗೊತ್ತು, ರಾಜಮ್ಮಣ್ಣಿಗೂ ಗೊತ್ತು. ಅವಳು ಫೋನಿಗೆ ಹೇಳಿದಳು: "ಯಳಂದೂರಲ್ಲಿ ಚಂದ್ರಿಕೆ ಅವೆ ಕಣವ್ವ. ಮನೆ ಮುಂದೆ ಗಾಡಿನೂ ಅದೆ. ಓಡಿಸೋರು ಮನಸ್ಸು ಮಾಡ್ಬೇಕು." ನಾನು ಎದ್ದು ಬೀಗದ ಕೈ ತೆಗೆದುಕೊಳ್ಳುತ್ತ ಗೋಡೆಗೆ ಹೇಳಿದೆ: "ಮನಸ್ಸು ಮಾಡಿಯಾಯಿತು ಅಂತ ಚಿಕ್ಕತಾಯಿಗೆ ಯಾರಾದರೂ ಹೇಳಿ."

ಗಾಡಿಯ ಬಗ್ಗೆ ಹೇಳಲೇಬೇಕು. ಅದು ಇಪ್ಪತ್ತು ವರ್ಷ ದಾಟಿದ ಪಿಕಪ್ಪು. ಎರಡು ಸಾಲು ಸೀಟಿನದು. ಮುಂದೆ ಹಿಂದೆ ಸೇರಿ ಐದು ಜನ ಕೂರಬಹುದು, ಅದಕ್ಕೇ ಹಿಂದಿನ ಬಾಡಿ ನಾಲ್ಕೂವರೆ ಅಡಿಗೆ ಮುಗಿದುಹೋಗುತ್ತದೆ. ಮುಳ್ಳೂರಿನಲ್ಲಿ ನನಗೆ ಎರಡು ಎಕರೆ ತೆಂಗಿದೆ, ಕಾಯಿ ತರಲು ಬೇಕು ಎಂಬ ನೆಪದಲ್ಲಿ ಕೊಂಡೆ. ನಿಜ ಹೇಳುವುದಾದರೆ ಎತ್ತರದ ಸೀಟಿನಲ್ಲಿ ಕೂತು ಕೊಳ್ಳೇಗಾಲದ ಬೀದಿಯಲ್ಲಿ ಕಾರುಗಳನ್ನು ಮೇಲಿನಿಂದ ನೋಡುವ ಆಸೆಗೆ. ಅದರ ಹಿಂದಿನ ಡೋರು, ಬಾಡಿಯನ್ನು ಮುಚ್ಚುವ ಆ ಕಬ್ಬಿಣದ ಹಲಗೆ, ಒಂದು ಸಂಸಾರದ ಹಾಗೆ. ಕೆಳಗಡೆ ಎರಡು ಕೀಲಿನ ಮೇಲೆ ನಿಲ್ಲುತ್ತದೆ, ಮೇಲುಗಡೆ ಎರಡು ಕೊಂಡಿ. ತೆಗೆದಾಗ ಬೀಳದಂತೆ ಹಿಡಿಯಲು ಎರಡು ಸರಪಳಿ ಇರಬೇಕು. ಬಲಗಡೆಯದು ಎಂದೋ ತುಂಡಾಗಿ, ತೆಗೆದರೆ ಡೋರು ಸೊಂಟ ಹಿಡಿದವರ ಹಾಗೆ ಓರೆಯಾಗಿ ಜೋಲುತ್ತದೆ. ಹೊರಮೈಮೇಲೆ "ಸುರಕ್ಷಿತ ಅಂತರ ಕಾಪಾಡಿ" ಎಂದು ಬರೆಸಿದ್ದೇನೆ. ಪೇಂಟರು ಮೊದಲು "ಕಪಾಡಿ" ಎಂದು ಬರೆದಿದ್ದ. ಕನ್ನಡ ಮೇಷ್ಟ್ರ ಗಾಡಿಯ ಮೇಲೆ ದೀರ್ಘ ತಪ್ಪಬಹುದೇ? ಒಂದು ಗಂಟೆ ಜಗಳವಾಡಿ ದೀರ್ಘ ಹಾಕಿಸಿದ್ದೆ.

ನಾಲ್ಕೂವರೆ ಅಡಿ ಬಾಡಿಗೆ ಆರಡಿಯ ಚಂದ್ರಿಕೆ ಹಿಡಿಯಬೇಕಾದರೆ ಡೋರು ತೆಗೆದಿರಬೇಕು. ತೆಗೆದರೆ ಅದು ಜೋಲುತ್ತ ದಾರಿಯುದ್ದಕ್ಕೂ ಢಣ್ ಢಣ್ ಎಂದು ಬಂಪರಿಗೆ ಹೊಡೆಯುತ್ತದೆ. ಆದ್ದರಿಂದ ಡೋರನ್ನು ಪೂರ್ತಿ ಬಿಚ್ಚಬೇಕು. ಇಷ್ಟು ತರ್ಕ ಮುಗಿಯುವಷ್ಟರಲ್ಲಿ ನನ್ನ ಮೈಯಲ್ಲಿ ಏನೋ ಸಂಚಾರವಾಯಿತು. ಬಿಚ್ಚಬೇಕು! ನಾಲ್ಕು ದಿನದಿಂದ ಮಂಕಾಗಿದ್ದ ಕೈಗಳು ಸ್ಪ್ಯಾನರ್ ಚೀಲದ ಕಡೆ ತಾವೇ ಓಡಿದವು.

ಕೀಲು ಎಂದರೆ ಬೆರಳು ದಪ್ಪದ ಕಬ್ಬಿಣದ ಸರಳು. ಗಾಡಿಗೆ ಸೇರಿದ ಬಳೆ ಒಂದು, ಡೋರಿಗೆ ಸೇರಿದ ಬಳೆ ಒಂದು, ಎರಡೂ ಪಕ್ಕಪಕ್ಕ ನಿಂತಾಗ ಅವುಗಳ ತೂತಿನಲ್ಲಿ ಕೀಲು ಹೊಗುತ್ತದೆ. ಅದು ಜಾರಿ ಬೀಳದಂತೆ ತುದಿಯಲ್ಲಿ ಒಂದು ಸಣ್ಣ ಪಿನ್ನು. ಉಳಿದಿದ್ದ ಒಂದು ಸರಪಳಿಯನ್ನು ಕಳಚಿದ ಮೇಲೆ, ಎಡಗಡೆಯ ಕೀಲು ಕೊಬ್ಬರಿ ಎಣ್ಣೆ ಬಿಟ್ಟೊಡನೆ ಮರ್ಯಾದಸ್ಥನಂತೆ ಹೊರಬಂತು. ಬಲಗಡೆಯದು ತುಕ್ಕು ಹಿಡಿದು ಕೂತಿತ್ತು. ಡೋರಿನ ತೂಕ ಅದರ ಮೇಲೆ ಬೀಳದಂತೆ ಯಾರಾದರೂ ಎತ್ತಿ ಹಿಡಿಯಬೇಕಿತ್ತು. ರಾಜಮ್ಮಣ್ಣಿ ಸೆರಗು ಸಿಕ್ಕಿಸಿಕೊಂಡು ಬಂದು ಒಂದು ತುದಿ ಹಿಡಿದಳು. ನನಗಾಗಿ ಅಲ್ಲ, ತಂಗಿಗಾಗಿ. ಅದು ಅವಳ ಮುಖದಲ್ಲೇ ಬರೆದಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ನಂಜುಂಡಯ್ಯನವರು ನೀರಿನ ಚೊಂಬು ಹಿಡಿದು ಹಲ್ಲುಜ್ಜುತ್ತ ಬಂದು ನಿಂತರು. ರಿಟೈರ್ಡ್ ಕಂಡಕ್ಟರು. ಸೀಟಿ ಬಿಟ್ಟು ಆರು ವರ್ಷವಾದರೂ ನಾಲಿಗೆ ಬಿಟ್ಟಿಲ್ಲ. "ರೈಟ್, ರೈಟ್, ಒಡೀರಿ ಮೇಷ್ಟ್ರೆ... ಓಲ್ಡಾನ್! ಓಲ್ಡಾನ್! ಅಮ್ಮಾವ್ರ ಕೈ ಅದೆ ಅಲ್ಲಿ!"

"ಡೋರನ್ನು ಇನ್ನೂ ಸ್ವಲ್ಪ ಮೇಲಕ್ಕೆ ಎತ್ತಬೇಕಂತೆ, ನಂಜುಂಡಯ್ಯನವರೇ," ಎಂದೆ ನಾನು.

"ಎತ್ತಿದ್ದಾಯ್ತು ಅಂತ ಏಳಿ, ನಂಜುಂಡಣ್ಣ. ಒಡೆಯೋರು ಬಿರ್ನೆ ಒಡೀಲಿ," ಎಂದಳು ಅವಳು.

ನಂಜುಂಡಯ್ಯನವರು ಬ್ರಷ್ ಬಾಯಿಂದ ತೆಗೆದು ಇಬ್ಬರನ್ನೂ ನೋಡಿದರು. "ಅಲ್ಲ ಮೇಷ್ಟ್ರೆ, ನೀವಿಬ್ರೂ ಮೂರಡಿ ದೂರದಲ್ಲಿದ್ದೀರಿ. ಇಬ್ರೂ ನನ್ ಮಕ ನೋಡ್ಕಂಡು ಯಾಕೆ ಮಾತಾಡ್ತೀರಿ?"

ಉತ್ತರ ಹೇಳುವ ಸಂಕಟವನ್ನು ಸುತ್ತಿಗೆ ತಪ್ಪಿಸಿತು. ಏಳನೆಯ ಪೆಟ್ಟಿಗೆ ಕೀಲು ಹಾರಿ ನಂಜುಂಡಯ್ಯನವರ ಚೊಂಬಿಗೆ ಬಡಿಯಿತು. ಡೋರು ಸ್ವತಂತ್ರವಾಯಿತು. ಅದರ ಪೂರ್ತಿ ಭಾರ ನಮ್ಮಿಬ್ಬರ ಕೈಗೆ ಬಂದ ಕ್ಷಣ ನಾನು ಮುಂದಕ್ಕೆ ಎಳೆದೆ, ಅವಳು ಹಿಂದಕ್ಕೆ ಎಳೆದಳು. ಯಾವ ಕಡೆ ಹೋಗಬೇಕೆಂದು ಮಾತಾಡಿಕೊಳ್ಳುವ ಹಾಗಿಲ್ಲವಲ್ಲ! ಅಂಗಳದಲ್ಲಿ ಎರಡು ಸುತ್ತು ಕೋಲಾಟದವರಂತೆ ತಿರುಗಿ, ಕೊನೆಗೆ ಹೇಗೋ ಡೋರನ್ನು ಬಾಡಿಯ ಒಳಗೇ ಅಡ್ಡಡ್ಡ ಮಲಗಿಸಿದೆವು. ಅದರ ಮೇಲೆಯೇ ಚಂದ್ರಿಕೆ ಪೇರಿಸಬಹುದು. ಕೀಲು ಎರಡನ್ನೂ ಸೀಟಿನ ಕೆಳಗೆ ಹಾಕಿ, ಸಣ್ಣ ಪಿನ್ನುಗಳನ್ನು ಮಾತ್ರ ಕಳೆದುಹೋಗಬಾರದೆಂದು ಅಂಗಿಯ ಜೇಬಿನಲ್ಲಿ ಜೋಪಾನವಾಗಿ ಇಟ್ಟುಕೊಂಡೆ. ಹದಿನೈದೇ ನಿಮಿಷ! ಅಷ್ಟು ಸೊಗಸಾಗಿ ನಾನು ಏನನ್ನೂ ಬಿಚ್ಚಿರಲಿಲ್ಲ. ಮೆಚ್ಚುಗೆಗಾಗಿ ಹೆಂಡತಿಯ ಕಡೆ ನೋಡಿದೆ. ಅವಳು ಗಾಡಿಯ ಹಿಂದಿನ ಸೀಟಿಗೆ ಹತ್ತಿ ಕೂತಿದ್ದಳು.

ಹೌದು, ಹಿಂದಿನ ಸೀಟಿಗೆ. ಮುಂದೆ ನನ್ನ ಪಕ್ಕ ಸೀಟು ಖಾಲಿ. ಅವಳು ಹಿಂದೆ, ನಟ್ಟನಡುವೆ, ಕೈಚೀಲ ತೊಡೆಯ ಮೇಲಿಟ್ಟುಕೊಂಡು ತನಿಖೆಗೆ ಹೊರಟ ದೊಡ್ಡ ಆಫೀಸರಿನ ಹಾಗೆ. ಎತ್ತರದ ಸೀಟಿನಲ್ಲಿ ಕೂತು ಊರನ್ನು ಮೇಲಿನಿಂದ ನೋಡುತ್ತಿದ್ದ ನಾನು ಅವತ್ತು ಡ್ರೈವರಾಗಿ ಕೊಳ್ಳೇಗಾಲ ದಾಟಿದೆ. ಸಿಗ್ನಲ್ಲಿನ ಹತ್ತಿರ ನನ್ನ ಹಳೆಯ ಶಿಷ್ಯನೊಬ್ಬ ಬೈಕು ನಿಲ್ಲಿಸಿ, "ಸಾ, ಯಾವ ಡಿಪಾರ್ಟ್‌ಮೆಂಟಿನ ಮೇಡಮ್ ಸಾ?" ಎಂದು ಪಿಸುಗುಟ್ಟಿದ. "ಹೋಮ್," ಎಂದೆ.

ಯಳಂದೂರಿನಲ್ಲಿ ಚಂದ್ರಿಕೆ ಪೇರಿಸಿ ಹಗ್ಗ ಬಿಗಿದು, ಮತ್ತೆ ಕೊಳ್ಳೇಗಾಲದ ಮೇಲೆ ಹಾದು ಲೊಕ್ಕನಹಳ್ಳಿ ಮುಟ್ಟಿದಾಗ ಹನ್ನೊಂದೂವರೆ. ರಾಚಪ್ಪ ರಸ್ತೆಯಲ್ಲೇ ನಿಂತಿದ್ದ. ಅವನು ನನ್ನ ಷಡ್ಡಕ. ಅಕ್ಕತಂಗಿಯರನ್ನು ಮದುವೆಯಾದ ಇಬ್ಬರು ಗಂಡಸರ ನಡುವೆ ಎಂಥ ಸಂಬಂಧವಿರುತ್ತದೆ ಎಂಬುದು ಅನುಭವಿಸಿದವರಿಗೆ ಗೊತ್ತು: ಒಂದೇ ಹುದ್ದೆಗೆ ಬೇರೆ ಬೇರೆ ಊರಿನಲ್ಲಿ ನೇಮಕವಾದವರು, ಯಾರ ಕೆಲಸ ಚೆನ್ನಾಗಿದೆ ಎಂದು ಮೇಲಿನವರು ಸದಾ ಹೋಲಿಸಿ ನೋಡುತ್ತಿರುತ್ತಾರೆ. ರಾಚಪ್ಪ ಪಂಪ್‌ಸೆಟ್ಟನ್ನು ಕಣ್ಣು ಮುಚ್ಚಿ ಬಿಚ್ಚಿ, ಕಣ್ಣು ಮುಚ್ಚಿಯೇ ಜೋಡಿಸುವವನು. ಒಳ್ಳೆಯ ಮನುಷ್ಯ. ಅದೇ ಅವನ ತೊಂದರೆ.

"ಬಂದ್ರಲ್ಲ ಅಣ್ಣ, ದೇವ್ರು ಬಂದಂಗೆ ಬಂದ್ರಿ!" ಎನ್ನುತ್ತ ಅವನು ಎರಡೆರಡು ಚಂದ್ರಿಕೆಗಳನ್ನು ತಲೆಯ ಮೇಲೆ ಹೊತ್ತು ಓಡಿದ. ಹುಳುವಿನ ಮನೆಯೊಳಗೆ ಚಿಕ್ಕತಾಯಮ್ಮ ಅಳುವುದೋ ನಗುವುದೋ ತಿಳಿಯದೆ ಮಂಡಿಯೂರಿ ಕೂತು ಹುಳು ಆರಿಸುತ್ತಿದ್ದಳು. ಸಾವಿರಾರು ಹುಳುಗಳು ತಲೆ ಎತ್ತಿ ಓಲಾಡುತ್ತಿದ್ದವು. ಕೆಲವು ಆಗಲೇ ಗೋಡೆ ಹತ್ತತೊಡಗಿದ್ದವು. ಮಾತಿಲ್ಲ ಕಥೆಯಿಲ್ಲ, ನಾಲ್ವರೂ ಕೂತೆವು. ಹಣ್ಣಾದ ಹುಳು ಕೈಗೆ ತಣ್ಣಗೆ, ಮೆತ್ತಗೆ, ಬೇಯಿಸಿದ ಶಾವಿಗೆಯ ಹಾಗಿರುತ್ತದೆ. ಹಿಡಿ ತುಂಬ ಎತ್ತಿ ಚಂದ್ರಿಕೆಯ ಮೇಲೆ ಬಿತ್ತನೆಯ ಕಾಳಿನಂತೆ ಚೆಲ್ಲಿಕೊಂಡು ಹೋಗುವುದು. ಚಿಕ್ಕತಾಯಮ್ಮ, "ಬಾವ, ಅಲ್ಲಿ! ಕಿಟಕಿ ಅತ್ತಾವೆ, ಇಡ್ಕಳಿ!" ಎನ್ನುವುದು, ನಾನು ಓಡುವುದು, "ಬಾವ, ನಿಮ್ ಬೆನ್ ಮ್ಯಾಲೆ!" ಎನ್ನುವುದು, ನಾನು ನನ್ನ ಸುತ್ತ ನಾನೇ ತಿರುಗುವುದು. ಮೂರು ಗಂಟೆಗೆ ಕೊನೆಯ ಹುಳುವೂ ಚಂದ್ರಿಕೆ ಸೇರಿತು. ಒಂದು ಮಾತ್ರ ನನ್ನ ಅಂಗಿಯ ಜೇಬೇ ಪ್ರಶಸ್ತವೆಂದು ತೀರ್ಮಾನಿಸಿ ಒಳಗಿಳಿದು ನೂಲು ಬಿಡಲು ಶುರುಮಾಡಿತ್ತು. ಜೇಬನ್ನು ಬೋರಲು ಹಾಕಿ ಕೊಡವಿ, ಅದನ್ನೂ ಅದರ ಜಾಗಕ್ಕೆ ಸೇರಿಸಿದೆ. ಚಿಕ್ಕತಾಯಮ್ಮ ಗೋಡೆಗೊರಗಿ ಕೂತು, "ಉಳ್ಕಂಡ್ವು ಕಣಕ್ಕ," ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ರಾಜಮ್ಮಣ್ಣಿ ಅವಳ ತಲೆ ಸವರಿದಳು.

ಊಟವಾಗಿ ನಾಲ್ಕೂಕಾಲಿಗೆ ಹೊರಟು ನಿಂತಾಗ ರಾಚಪ್ಪ ಹಿತ್ತಲಿನಿಂದ ಕುಂಬಳಕಾಯಿ ತಂದು ತಂದು ಬಾಡಿಗೆ ಹಾಕತೊಡಗಿದ. ಒಂದೊಂದೂ ನಮ್ಮ ಹೆಡ್‌ಮಾಸ್ಟರ ತಲೆಯಷ್ಟಿತ್ತು. ಬೇಡವೆಂದರೂ ಕೇಳಲಿಲ್ಲ. "ಓದ್ ವಾರ ಆನೆ ಬಂದು ಅರ್ಧ ವಲನೇ ತಿಂದೋಯ್ತು ಅಣ್ಣ. ಉಳ್ದಿದ್ದೂ ಅದ್ರ ಪಾಲೇ. ಆನೆ ತಿನ್ನೋದ್ಕಿಂತ ಸಡ್ಕ ತಿನ್ನೋದು ವಾಸಿ, ಅಲ್ವಾ?" ಎಂದ. ಹೋಲಿಕೆ ಪ್ರೀತಿಯಿಂದ ಬಂದದ್ದಾದ್ದರಿಂದ ನುಂಗಿಕೊಂಡೆ. ಮೂವತ್ತಕ್ಕೂ ಹೆಚ್ಚು ಕಾಯಿ ಡೋರಿನ ಮೇಲೆಯೇ ಬಿದ್ದವು.

"ತಡೀರಿ ಅಣ್ಣ, ಕಾಯಿ ಇಳಿಸಿ ಡೋರು ಆಕ್ಕೊಟ್ಬುಡ್ತೀನಿ. ಎರಡು ನಿಮಿಷದ್ ಕೆಲ್ಸ," ಎಂದ ರಾಚಪ್ಪ.

ಎರಡು ನಿಮಿಷ! ನನ್ನ ಹೆಂಡತಿಯ ಮುಂದೆ, ನನ್ನ ಗಾಡಿಯ ಡೋರನ್ನು, ನನ್ನ ಷಡ್ಡಕ ಎರಡು ನಿಮಿಷದಲ್ಲಿ ಹಾಕಿಬಿಟ್ಟರೆ ಆಮೇಲೆ ನಾನು ಯಾವ ಮುಖ ಹೊತ್ತುಕೊಂಡು ಕಿಟಕಿ, ಗೋಡೆ, ಕ್ಯಾಲೆಂಡರುಗಳ ಜೊತೆ ಮಾತಾಡಲಿ? "ಬೇಡ ರಾಚಪ್ಪ, ಹಗ್ಗ ಅಡ್ಡ ಕಟ್ಟಿದರೆ ಸಾಕು. ಎಷ್ಟು ಸಲ ಹೀಗೇ ಹೋಗಿದ್ದೇನೆ," ಎಂದೆ. ಒಂದು ಸಲವೂ ಹೋಗಿರಲಿಲ್ಲ.

ಊರಿಗೆ 'ಟಾಟಾ' ಮಾಡಿ ಮೂರು ಕಿಲೋಮೀಟರು ಬಂದಿರಬಹುದು. ಎರಡೂ ಕಡೆ ಕುರುಚಲು ಕಾಡು, ರಸ್ತೆ ಏರುತ್ತಿತ್ತು. ಹಿಂದಿನ ಸೀಟಿನಲ್ಲಿ ರಾಜಮ್ಮಣ್ಣಿ ತಿರುಗಿ ಹಿಂಬದಿಯ ಗಾಜಿನಿಂದ ನೋಡುತ್ತ ಮೆಲ್ಲಗೆ ಹೇಳಿದಳು: "ಯಾರ್ದೋ ಕುಂಬಳಕಾಯಿ ರಸ್ತೇಲಿ ಉರುಳ್ಕಂಡ್ ಓಯ್ತಾ ಅದೆ. ಪಾಪ."

ನಾನೂ ಪಾಪ ಎಂದುಕೊಂಡೆ. ಯಾರು ಅಂಥ ಬೇಜವಾಬ್ದಾರಿ ಮನುಷ್ಯ ಎಂದು ಯೋಚಿಸುತ್ತ ಗೇರು ಬದಲಿಸಿದೆ.

"ಇನ್ನೊಂದೂ ಓಯ್ತು," ಎಂದಳು. "ಇನ್ನೆರಡು. ಜೋಡಿ."

ಐದನೆಯದಕ್ಕೆ ನನಗೆ ಅರ್ಥವಾಯಿತು. ಬ್ರೇಕು ಒತ್ತಿ ಇಳಿದು ನೋಡಿದರೆ ಹಗ್ಗದ ಕೆಳಗಿನಿಂದ ನುಸುಳಿಕೊಂಡ ಕುಂಬಳಕಾಯಿಗಳು ಇಳಿಜಾರಿನಲ್ಲಿ ಶಾಲೆ ಬಿಟ್ಟ ಮಕ್ಕಳ ಹಾಗೆ ಒಂದನ್ನೊಂದು ತಳ್ಳಿಕೊಂಡು ಲೊಕ್ಕನಹಳ್ಳಿಯ ಕಡೆಗೇ ವಾಪಸು ಓಡುತ್ತಿದ್ದವು. ನಾನು ಪಂಚೆ ಎತ್ತಿಕೊಂಡು ಓಡಿದೆ. ಅವಳು ಸೀರೆ ಎತ್ತಿಕೊಂಡು ಓಡಿದಳು. ಒಂದನ್ನು ಕಾಲಿನಿಂದ ತಡೆಯಲು ಹೋಗಿ ನಾನು ಕೂತುಬಿಟ್ಟೆ. ಕುಂಬಳಕಾಯಿ ಕ್ಷಣ ನಿಂತು, ನನ್ನನ್ನು ಬಳಸಿಕೊಂಡು ಮುಂದೆ ಹೋಯಿತು. ಕೆಳಗಿನ ತಿರುವಿನಲ್ಲಿ ದನ ಹೊಡೆದುಕೊಂಡು ಬರುತ್ತಿದ್ದ ಮುದುಕರೊಬ್ಬರು ಕೋಲು ಅಡ್ಡ ಹಿಡಿದು ಮೂರನ್ನು ನಿಲ್ಲಿಸಿದರು. ಒಡೆದುಹೋಗಿದ್ದ ನಾಲ್ಕನ್ನು ಅವರ ದನಗಳು ಆಗಲೇ ಪಂಕ್ತಿಯಲ್ಲಿ ನಿಂತು ತಿನ್ನುತ್ತಿದ್ದವು.

"ಇಲ್ಲಿ ನಿಲ್ಲಬ್ಯಾಡಿ ಸಾ," ಎಂದರು ಅವರು. "ಒತ್ತು ಇಳೀತು ಅಂದ್ರೆ ದೊಡ್ಡೋರು ರಸ್ತೆ ದಾಟ್ತರೆ."

"ಯಾವ ದೊಡ್ಡವರು?"

"ಆನೆ ಸಾ. ಕುಂಬಳಕಾಯಿ ಅಂದ್ರೆ ಪ್ರಾಣ ಅವಕ್ಕೆ." ಗಾಡಿ ತುಂಬ ಇದ್ದ ಕಾಯಿಗಳನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, ದನಗಳನ್ನು ಬೇಗಬೇಗ ಹೊಡೆದುಕೊಂಡು ಹೋಗಿಬಿಟ್ಟರು.

ಇನ್ನು ಡೋರು ಹಾಕದೆ ಗತಿಯಿರಲಿಲ್ಲ. ಕಾಯಿಗಳನ್ನೆಲ್ಲ ಒಂದೊಂದಾಗಿ ಕೆಳಗಿಳಿಸಿ, ಉರುಳದಂತೆ ಗಾಲಿಗೆ ಒತ್ತರಿಸಿಟ್ಟು, ಡೋರನ್ನು ಹೊರಗೆಳೆದೆವು. ಸೂರ್ಯ ಬಿಳಿಗಿರಿರಂಗನ ಬೆಟ್ಟದ ಸಾಲಿನ ಕಡೆ ವಾಲುತ್ತಿದ್ದ. ಒಂದು ತುದಿ ಅವಳು, ಒಂದು ತುದಿ ನಾನು. ಎತ್ತಿ ಬಳೆಯ ಪಕ್ಕ ಬಳೆ ನಿಲ್ಲಿಸಲು ನೋಡಿದರೆ ನಿಲ್ಲಲಿಲ್ಲ. ಗಾಡಿಯ ಬಳೆ ಇದ್ದ ಜಾಗಕ್ಕೇ ಡೋರಿನ ಬಳೆ ಹೋಗಿ ಢಿಕ್ಕಿ ಹೊಡೆಯುತ್ತಿತ್ತು. ಎಡಕ್ಕೆ ಸರಿಸಿದರೆ ಡೋರು ಬಾಡಿಗೆ ತಾಗುತ್ತದೆ. ಬಲಕ್ಕೆ ಸರಿಸಿದರೆ ಅತ್ತ ಕಡೆ ತಾಗುತ್ತದೆ. ಬೆಳಿಗ್ಗೆ ಇದೇ ಗಾಡಿಯಲ್ಲಿ ಇದ್ದ ಡೋರು ಸಂಜೆಗೆ ಎರಡು ಬೆರಳು ಬೆಳೆದುಬಿಟ್ಟಿತೇ? ಬಿಸಿಲಿಗೆ ಕಬ್ಬಿಣ ಹಿಗ್ಗುತ್ತದೆ ಎಂದು ನಮ್ಮ ವಿಜ್ಞಾನದ ಮೇಷ್ಟ್ರು ಹೇಳಿದ್ದು ನೆನಪಾಗಿ, ಡೋರಿನ ಮೇಲೆ ಎರಡು ಬಾಟಲಿ ನೀರು ಸುರಿದೆ. ಡೋರು ತಣ್ಣಗಾಯಿತು, ನಾವು ಒದ್ದೆಯಾದೆವು, ಬಳೆಗಳು ಹಾಗೇ ಇದ್ದವು. ಕಲ್ಲು ತೆಗೆದುಕೊಂಡು ಕುಟ್ಟಿದೆ. ಕಾಡಿನೊಳಗೆ ಆ ಸದ್ದು ಹೋಗಿ ಮರಳಿ ಬಂತು. ಮರಳಿ ಬಂದದ್ದರ ಜೊತೆಗೆ ಎಲ್ಲೋ ಒಂದು ಕೊಂಬೆ ಲಟಕ್ಕೆಂದು ಮುರಿದದ್ದೂ ಕೇಳಿಸಿತು.

ಕೈಯ ಕಲ್ಲನ್ನು ಸದ್ದಾಗದಂತೆ ಕೆಳಗಿಟ್ಟೆ. ಕುಂಬಳಕಾಯಿಗಳ ರಾಶಿಯ ನಡುವೆ, ಮಣಭಾರದ ಡೋರು ಹಿಡಿದು ನಿಂತ ಎರಡು ಜೀವ; ಒಬ್ಬರಿಗೊಬ್ಬರು ಮಾತಿಲ್ಲ. ಕೈ ಸೋತು ಡೋರು ನಡುಗುತ್ತಿತ್ತು. ನಡುಗುತ್ತಿದ್ದದ್ದು ನನ್ನ ಕಡೆ ಮಾತ್ರವಲ್ಲ, ಅವಳ ಕಡೆಯೂ ಎಂದು ಗೊತ್ತಾಗಿ ತಲೆಯೆತ್ತಿದೆ. ಹೆದರಿದ್ದಾಳೆ, ಪಾಪ, ಇನ್ನು ಸ್ವಾಭಿಮಾನ ಬದಿಗಿಟ್ಟು ನಾನೇ ಮಾತಾಡಿಸೋಣ ಎಂದು ಬಾಯಿ ತೆರೆದೆ. ನೋಡಿದರೆ ಅವಳು ಹೆದರಿರಲಿಲ್ಲ. ತುಟಿ ಕಚ್ಚಿ ಹಿಡಿದ ನಗು ಮೈಯೆಲ್ಲ ಹರಡಿ ಡೋರನ್ನು ಅಲುಗಿಸುತ್ತಿತ್ತು.

"ರೀ," ಎಂದಳು. ನಾಲ್ಕು ದಿನದ ಮೇಲೆ! "ಒಂದ್ ಮಾತು ಕೇಳ್ತೀನಿ. ಅಂತರ ಕಾಪಾಡ್ಬೇಕಾಗಿರೋದು ಇಂದ್ಗಡೆ ಬರೋ ಗಾಡಿಯೋರೋ, ಒಳಗಿರೋ ಕುಂಬಳಕಾಯೋ?"

ನನಗೆ ಅರ್ಥವಾಗಲಿಲ್ಲ. ಬಗ್ಗಿ ನೋಡಿದೆ. ದೀರ್ಘಕ್ಕಾಗಿ ಒಂದು ಗಂಟೆ ಹೋರಾಡಿ ಬರೆಸಿದ ನನ್ನ ಸುರಕ್ಷಿತ ಅಂತರ ಬಾಡಿಯ ಒಳಮುಖವಾಗಿತ್ತು. ಡೋರನ್ನು ನಾನು ಹಿಂದುಮುಂದಾಗಿ ಹಿಡಿದಿದ್ದೆ. ಬಳೆಗಳು ಎದುರಾಗದೆ ಇನ್ನೇನಾಗುತ್ತವೆ? ಇಪ್ಪತ್ತು ನಿಮಿಷ ಕಣ್ಣ ಮುಂದೆ ಕನ್ನಡ ಅಕ್ಷರ ಇಲ್ಲದ್ದನ್ನು ಒಬ್ಬ ಕನ್ನಡ ಮೇಷ್ಟ್ರು ಗಮನಿಸಿರಲಿಲ್ಲ.

"ನಿನಗೆ ಮೊದಲೇ ಗೊತ್ತಿತ್ತಾ?"

"ಎತ್ತಿದಾಗ್ಲೇ."

"ಹೇಳೋಕೇನಾಗಿತ್ತು?"

"ಹೆಂಗೇಳ್ಲಿ? ಮಾತು ಬಿಟ್ಟಿದ್ನಲ್ಲ!" ಎಂದವಳೇ ಡೋರನ್ನು ಕೈಬಿಟ್ಟು ರಸ್ತೆಯ ಮೇಲೆ ಕೂತು ನಗತೊಡಗಿದಳು. ನನ್ನ ತುದಿ ನನ್ನ ಕಾಲಿನ ಹೆಬ್ಬೆರಳ ಪಕ್ಕದಲ್ಲೇ ನೆಲ ಮುಟ್ಟಿತು. ನಾನೂ ಕೂತೆ. ಆನೆ ಬರುವ ದಾರಿಯಲ್ಲಿ, ಕುಂಬಳಕಾಯಿಗಳ ನಡುವೆ, ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಇನ್ನೊಂದು ಕೊಂಬೆ ಮುರಿದ ಸದ್ದಾದ ಮೇಲೆ ಎದ್ದೆವು.

ಆಮೇಲಿನದು ಮಾತಿರುವವರ ಕೆಲಸ. "ನಿಮ್ ಕಡೆ ಮೇಲೆತ್ತಿ. ಸಾಕು. ನನ್ ಕಡೆಗ್ ತಳ್ಳಿ. ಹಾಂ, ಕೂತ್ಕಂತು, ಆಕಿ ಕೀಲ!" ಕೀಲು ಜಾರಿ ಒಳಗೆ ಹೋಯಿತು. ಎರಡನೆಯದೂ ಹೋಯಿತು. ಸಣ್ಣ ಪಿನ್ನಿಗಾಗಿ ಜೇಬಿಗೆ ಕೈ ಹಾಕಿದರೆ ಒಂದೆಳೆ ರೇಷ್ಮೆ ಬಿಟ್ಟು ಏನೂ ಸಿಗಲಿಲ್ಲ. ಹುಳುವನ್ನು ಕೊಡವಿದಾಗ ಪಿನ್ನುಗಳನ್ನೂ ಲೊಕ್ಕನಹಳ್ಳಿಗೆ ದಾನ ಮಾಡಿ ಬಂದಿದ್ದೆ. ರಾಜಮ್ಮಣ್ಣಿ ನನ್ನ ಮುಖ ನೋಡಿದಳು, ಬೈಯಲಿಲ್ಲ. ತಲೆಯಿಂದ ಎರಡು ಹೇರ್‌ಪಿನ್ನು ಕಿತ್ತು, ಕೀಲಿನ ತುದಿಯ ತೂತಿನಲ್ಲಿ ತೂರಿಸಿ, ಹಲ್ಲು ಕಚ್ಚಿ ಅವುಗಳ ಕಾಲುಗಳನ್ನು ಅಗಲಿಸಿ ಬಗ್ಗಿಸಿದಳು. ಕುಂಬಳಕಾಯಿ ತುಂಬಿ ಕೊಂಡಿ ಹಾಕಿದೆವು. ಅವಳು ಹೋಗಿ ಮುಂದಿನ ಸೀಟಿನಲ್ಲಿ ಕೂತಳು. ಕೊಳ್ಳೇಗಾಲ ಮುಟ್ಟುವ ತನಕ ಒಂದು ಕಾಯಿಯೂ ಬೀಳಲಿಲ್ಲ.

ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಕುಂಬಳಕಾಯಿ ಹಂಚುತ್ತ ಈ ಕಥೆಯನ್ನು ಹೇಳಿದೆ. ನಾನು ಹೇಳಿದ ಕಥೆಯಲ್ಲಿ ಡೋರನ್ನು ಹಾಕಿದವನು ನಾನೇ ಆಗಿದ್ದೆ. ಆದರೆ ಅಕ್ಕತಂಗಿಯರ ಫೋನಿನಲ್ಲಿ ಕಥೆ ನಿಜರೂಪದಲ್ಲೇ ಹೋಗಿ ಮುಟ್ಟಿತ್ತು. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ರಾಚಪ್ಪನೇ ಫೋನು ಮಾಡಿದ. "ಅಣ್ಣ, ಆ ಸಲ ಗೂಡು ಬೋ ಸಂದಾಗ್ ಬಂದಿದ್ವು. ಈ ಸಲ್ವೂ ನಾಳೀಕೆ ಉಳ ಅಣ್ಣಾಯ್ತವೆ, ಚಂದ್ರಿಕೆ ಸಾಲ್ದು. ಯಳಂದೂರಿಂದ ಮತ್ತೆ ತರಾಕೆ ನಿಮ್ ಗಾಡಿ ಬೇಕಾಗಿತ್ತು." ಆಮೇಲೆ ಗೌರವದಿಂದ ದನಿ ತಗ್ಗಿಸಿ ಹೇಳಿದ: "ಅತ್ಗೆನೂ ಬರ್ಬೇಕು ಅಣ್ಣ, ಡೋರು ಬಿಚ್ಚಾಕದು ಅವ್ರಿಗೇ ಗೊತ್ತಂತಲ್ಲ. ನಿಮ್ಗೆ ಇಸ್ಕೂಲಿದ್ರೆ ನೀವೇನೂ ತೊಂದ್ರೆ ತಕಬ್ಯಾಡಿ. ಗಾಡಿ ನಾನೇ ಬಂದು ಓಡಿಸ್ಕಂಡ್ ಓಯ್ತೀನಿ."

ಫೋನು ಸ್ಪೀಕರಿನಲ್ಲಿತ್ತು. ರಾಜಮ್ಮಣ್ಣಿ ಅಡುಗೆಮನೆಯಿಂದ ಬಂದು ನನ್ನ ಕೈಯಿಂದ ಫೋನು ತೆಗೆದುಕೊಂಡಳು.

"ಅವ್ರೂ ಬರ್ಲಿ ಬುಡು ರಾಚಪ್ಪ," ಎಂದಳು. "ರಜ ಆಕ್ತರೆ. ನಾನ್ ಒಂದ್ ಕಡೆ ಎತ್ತಿದ್ರೆ ಇನ್ನೊಂದ್ ಕಡೆ ಇಡ್ಕಂಡ್ ನಿಂತ್ಕಳಾಕೆ ಅವ್ರೇ ಆಗ್ಬೇಕು."

ನಾನು ರಜೆಯ ಅರ್ಜಿ ಬರೆಯಲು ಕೂತೆ. ಕಾರಣ ಎಂಬ ಜಾಗದಲ್ಲಿ ಏನು ಬರೆಯುವುದೆಂದು ಬಹಳ ಹೊತ್ತು ಯೋಚಿಸಿ, ಕೊನೆಗೆ "ಅನಿವಾರ್ಯ ಕೌಟುಂಬಿಕ ಜವಾಬ್ದಾರಿ" ಎಂದು ಬರೆದು ಸಹಿ ಹಾಕಿದೆ. ಬರೆದು ಮುಗಿಸಿ ಓದಿದರೆ "ಕೌಟುಂಬಿಕ"ದಲ್ಲಿ ಸೊನ್ನೆಯನ್ನೇ ಬಿಟ್ಟಿದ್ದೆ.